ಓಡಿದ ಹಸು, ವಾಲಿದ ಗೋಡೆ

ಗೃಹಪ್ರವೇಶದ ದಿನ ಆ ಹಸು ಬೆದರಿ ಓಡದೇ ಇದ್ದಿದ್ದರೆ ನರ್ಸಮ್ಮನ ಮನೆಯ ಗೋಡೆಯ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಮನೆ ಇರುವುದು ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ನರ್ಸಮ್ಮ ಸರ್ಕಾರಿ ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಧುಗಿರಿ, ಕೊರಟಗೆರೆ ಸುತ್ತಿನ ಹಳ್ಳಿಗಳಲ್ಲಿ ಅವರ ಕೈಮೇಲೆ ಹುಟ್ಟಿದವರಿಗೆ ಈಗ ಮಕ್ಕಳಾಗಿವೆ. ನೌಕರಿಯ ಉದ್ದಕ್ಕೂ ಸುಣ್ಣ ಉದುರುವ ಕ್ವಾರ್ಟರ್ಸಿನಲ್ಲೇ ಇದ್ದು, ಕೊನೆಗೂ ತಮ್ಮದೆನ್ನುವ ಒಂದು ಮನೆ ಕಟ್ಟಿಸಿದ್ದರು. ಕಟ್ಟಿದವರು ದೊಡ್ಡೇರಿ ಕಡೆಯ ಒಬ್ಬ ಮೇಸ್ತ್ರಿ. ಮೇಸ್ತ್ರಿಯ ಇಬ್ಬರು ಹೆಣ್ಣುಮಕ್ಕಳ ಹೆರಿಗೆಯನ್ನೂ ನರ್ಸಮ್ಮನೇ ಮಾಡಿಸಿದ್ದರು. ಎರಡನೆಯ ಹೆರಿಗೆಗೆ ಸುರಿಯುವ ಮಳೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತು ಹೋಗಿದ್ದರಂತೆ. ಹಾಗಾಗಿ ಈ ಮನೆಯನ್ನು ಮೇಸ್ತ್ರಿ ತನ್ನ ಸ್ವಂತ ಅಕ್ಕನ ಮನೆ ಅನ್ನುವ ಹಾಗೆ ಕಟ್ಟಿದ್ದರು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ಮೊದಲು ನೋಡಿದ್ದು ಹಸುವನ್ನು.

ನಾನು ಮಧುಗಿರಿಯಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರ್, ಎರಡು ಪರದೆ. ಕ್ಯಾಮೆರಾ ಹಿಡಿದುಕೊಂಡು ನಾನೆಲ್ಲೂ ಹೋಗುವುದಿಲ್ಲ. ಶಿರಾ, ಪಾವಗಡ, ಕೊರಟಗೆರೆ ಕಡೆಯ ಕ್ಯಾಮೆರಾದವರು ಮದುವೆ, ನಾಮಕರಣ, ಗೃಹಪ್ರವೇಶ ತೆಗೆದು ಹಾರ್ಡ್ ಡಿಸ್ಕ್ ತಂದುಕೊಡುತ್ತಾರೆ. ನಾನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುತ್ತೇನೆ. ಈ ಕೆಲಸದಲ್ಲಿ ಒಂದು ಫಜೀತಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೆಣ್ಣುಮಗಳು ಎದುರಾದರೆ ತೀರ ಪರಿಚಯದವಳು ಎಂದುಕೊಂಡು ನಕ್ಕುಬಿಡುತ್ತೇನೆ. ಅವಳು ಗಾಬರಿಯಾಗಿ ನೋಡುತ್ತಾಳೆ. ಧಾರೆಯ ಹೊತ್ತಿಗೆ ಅವಳು ಹೇಗೆ ಅತ್ತಳು, ಅವಳ ಸೋದರಮಾವ ಊಟದ ಪಂಕ್ತಿಯಲ್ಲಿ ಯಾರ ಮೇಲೆ ರೇಗಿದರು ಎಲ್ಲ ನನಗೆ ಗೊತ್ತು. ನಾನು ಯಾರೆಂದು ಅವಳಿಗೆ ಗೊತ್ತಿರುವುದಿಲ್ಲ. ಹೋಗಿರದ ಸಮಾರಂಭಗಳ ನೆಂಟಸ್ತನ ನನ್ನದು. ಅದರಲ್ಲಿ ನನಗೆ ಸುಖವೇ ಇದೆ.

ಗೃಹಪ್ರವೇಶ ಕಳೆದು ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಕೋಣೆಗೆ ಬಂದ ಕ್ಯಾಮೆರಾದವನು ವೈ.ಎನ್. ಹೊಸಕೋಟೆಯವನು. ಮಾತಿನಲ್ಲಿ ಅರ್ಧ ತೆಲುಗು. ಯಾವಾಗಲೂ ಮೆಟ್ಟಿಲು ಹತ್ತುವಾಗಲೇ ಜೋಕು ಹೇಳಿಕೊಂಡು ಬರುವವನು, ಅವತ್ತು ಬಂದವನೇ ಕುರ್ಚಿ ಮೇಲೆ ಕುಸಿದು ಕೂತ.

"ಅಕ್ಕಾ, ನನ್ ಪರುವೇ ಹೋಯ್ತಕ್ಕಾ. ಇನ್ನೇನು ಮರ್ಯಾದೆ ಉಳೀತು? ಒಬ್ರು ಕಟ್ಟಿದ್ ಗೋಡೇನ ವಾಲ್ಸಿಬಿಟ್ಟೆ ಅಂತಾವ್ರೆ."

"ಯಾರ ಗೋಡೆ? ನೀನು ಯಾವಾಗ ಗಾರೆ ಕೆಲಸಕ್ಕೆ ಹೋದೆ?" ಎಂದೆ.

ಅವನು ನಗಲಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ. "ನೀವೇ ನೋಡಿ. ಹಸು ಓಡೋ ಕ್ಲಿಪ್ಪು. ಹಸು ಓಡ್ತು, ನಾನು ಕ್ಯಾಮೆರಾ ತಿರುಗಿಸ್ದೆ. ಅಂತೇ ಕದಾ? ಇನ್ನೇನ್ ಮಾಡ್ಲಿ?"

ನೋಡಿದೆ. ಹೊಸ ಮನೆಯ ಅಂಗಳ. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಬಿಳಿ ಹಸು ಗೇಟಿನ ಹತ್ತಿರ ನಿಂತಿದೆ, ಪಕ್ಕದಲ್ಲಿ ಕರು. ಓಲಗದವರು ಊದುತ್ತಿದ್ದಾರೆ. ಪೂಜೆಯವರು ಇನ್ನೂ ಮಂತ್ರ ಮುಗಿಸಿಲ್ಲ. ಅಷ್ಟರಲ್ಲಿ ಯಾರೋ ಉತ್ಸಾಹಿಗಳು ಪಟಾಕಿ ಹಚ್ಚಿಬಿಟ್ಟಿದ್ದಾರೆ. ಹಸು ಒಮ್ಮೆಲೇ ಹಗ್ಗ ಕಿತ್ತುಕೊಂಡು, ಬೇರೆ ಕಡೆ ಎಲ್ಲೂ ಅಲ್ಲ, ನೇರವಾಗಿ ಬಾಗಿಲ ಕಡೆಗೇ ಓಡಿ, ಹೊಸಿಲು ದಾಟಿ ಒಳಗೆ ಹೋಯಿತು. ಹಿಂದೆ ಕರು. ಕರುವಿನ ಹಿಂದೆ, ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ, ದೇವರ ಫೋಟೋ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನರ್ಸಮ್ಮ. ನಾನು ಬಿದ್ದು ಬಿದ್ದು ನಕ್ಕೆ.

"ನಗಬೇಡಿ ಅಕ್ಕಾ," ಎಂದು ಅವನು ಉಳಿದದ್ದನ್ನು ಹೇಳಿದ.

ಗೃಹಪ್ರವೇಶದ ದಿನವೇ ನರ್ಸಮ್ಮನ ನೆಂಟರು ಈ ತುಣುಕನ್ನು ಬೇಕೆಂದು ಕೇಳಿ ಮೊಬೈಲಿಗೆ ಹಾಕಿಸಿಕೊಂಡಿದ್ದರು. ಅದು ಮನೆಯವರ ಗ್ರೂಪಿನಲ್ಲೆಲ್ಲ ಓಡಾಡಿತು. ನಕ್ಕವರೆಲ್ಲ ನಕ್ಕರು. ಆಮೇಲೆ ತುಮಕೂರಿನಲ್ಲಿರುವ ಅವರ ಅಣ್ಣನ ಮಗ ಹಸು ಓಡುವ ಕಡೆ ವಿಡಿಯೋ ನಿಲ್ಲಿಸಿ ಅಷ್ಟನ್ನೇ ಫೋಟೋ ಮಾಡಿ ಕಳಿಸಿದ. ಅದರಲ್ಲಿ ಮನೆಯ ಮುಂದಿನ ಎರಡು ಕಂಬ, ಬಾಗಿಲ ಚೌಕಟ್ಟು, ಮೂಲೆಯ ಗೋಡೆ ಎಲ್ಲ ಗಾಳಿಗೆ ಸಿಕ್ಕ ಕಬ್ಬಿನ ಹಾಗೆ ಒಂದೇ ಕಡೆಗೆ ವಾಲಿದ್ದವು. 'ಅತ್ತೆ, ನಿಮ್ಮ ಮನೆ ವಾಲಿದೆ' ಎಂದು ತಮಾಷೆಗೆ ಬರೆದಿದ್ದ. ಆದರೆ ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರು ತಳಪಾಯ ಕುಸಿದಿದೆ ಅಂದರು. ಇನ್ನೊಬ್ಬರು ಸಿಮೆಂಟಿನ ಬಗ್ಗೆ ಅನುಮಾನಪಟ್ಟರು. ಕೊನೆಗೆ ನರ್ಸಮ್ಮನಿಗೂ ಮನಸ್ಸು ತಡೆಯಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿ, "ಗೋಡೆ ಏನಾದ್ರೂ ವಾಲೈತೇನಪ್ಪಾ?" ಎಂದು ಒಂದು ಮಾತು ಕೇಳಿದರು. ಅಷ್ಟೇ. ಅವತ್ತಿನಿಂದ ಮೇಸ್ತ್ರಿ ಅವರ ಫೋನ್ ಎತ್ತಲಿಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಶಿರಾದ ಹೂವಿನ ವ್ಯಾಪಾರಿ ಸಾಹೇಬರೊಬ್ಬರು ತಮ್ಮ ಮನೆಯನ್ನೂ ಇದೇ ಮೇಸ್ತ್ರಿ ಕೈಲಿ ಕಟ್ಟಿಸಬೇಕೆಂದು ಮಾತಾಡಿದ್ದರು. ಕೆಲಸ ನೋಡಲಿಕ್ಕೆಂದೇ ಗೃಹಪ್ರವೇಶಕ್ಕೆ ಬಂದು ಹೋಗಿದ್ದರು. ಆ ಫೋಟೋ ಅವರ ಕೈಗೂ ಸೇರಿ, "ಸ್ವಲ್ಪ ದಿನ ಬಿಟ್ಟು ನೋಡೋಣ ಮೇಸ್ತ್ರಿ" ಎಂದುಬಿಟ್ಟಿದ್ದರು.

ನಾನು ವಿಡಿಯೋವನ್ನು ಮತ್ತೆ ಹಿಂದಕ್ಕೆ ತಂದು ನಿಲ್ಲಿಸಿದೆ. ಕ್ಯಾಮೆರಾ ತಿರುಗುವ ಮೊದಲು ಕಂಬಗಳು ನೆಟ್ಟಗೆ ನಿಂತಿದ್ದವು. ತಿರುಗುವಾಗ ವಾಲಿದವು. ತಿರುಗುವುದು ನಿಂತ ಕೂಡಲೇ ಮತ್ತೆ ನೆಟ್ಟಗಾದವು. ಗೋಡೆಯ ತಪ್ಪು ಏನೂ ಇರಲಿಲ್ಲ, ಅವನ ತಪ್ಪೂ ಇರಲಿಲ್ಲ.

ನಮ್ಮ ಕಡೆಯವರು ಬಳಸುವ ಕ್ಯಾಮೆರಾಗಳು, ಮೊಬೈಲುಗಳು ಎದುರಿಗಿರುವುದನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಓದುತ್ತ ಕೆಳಗೆ ಬರುತ್ತವೆ, ಅಂಗಡಿಯ ಶಟರ್ ಮೇಲಿನಿಂದ ಇಳಿಯುವ ಹಾಗೆ. ಅದರ ಹೆಸರೂ ರೋಲಿಂಗ್ ಶಟರ್ ಎಂದೇ. ಕ್ಯಾಮೆರಾ ಸುಮ್ಮನೆ ನಿಂತಿದ್ದರೆ ಏನೂ ತೊಂದರೆಯಿಲ್ಲ. ಬೇಗ ತಿರುಗಿಸಿದರೆ, ಕಂಬದ ತಲೆಯನ್ನು ಓದಿ ಬುಡಕ್ಕೆ ಬರುವಷ್ಟರಲ್ಲಿ ಬುಡ ಚಿತ್ರದಲ್ಲಿ ಪಕ್ಕಕ್ಕೆ ಸರಿದುಬಿಟ್ಟಿರುತ್ತದೆ. ಕಂಬ ಓರೆಯಾಗಿ ಕಾಣುತ್ತದೆ.

"ಹಂಗಾದ್ರೆ ಇದನ್ನ ಸರಿ ಮಾಡಬೌದಾ?" ಎಂದು ಕೇಳಿದ.

"ಮಾಡಬಹುದು. ನೀನು ಚಹಾ ಕುಡಿದುಕೊಂಡು ಬಾ."

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ಒಂದು ಎಫೆಕ್ಟ್ ಇದೆ. ಕ್ಯಾಮೆರಾ ಯಾವ ಕಡೆಯಿಂದ ಸಾಲು ಓದಿತು, ಎಷ್ಟು ನಿಧಾನವಾಗಿ ಓದಿತು ಎಂದು ಹೇಳಿದರೆ ಅದು ಪ್ರತಿ ಸಾಲನ್ನೂ ಅದರದರ ಜಾಗಕ್ಕೆ ತಳ್ಳುತ್ತದೆ. ಮೊದಲು ಅವಸರದಲ್ಲಿ ದಿಕ್ಕನ್ನು ತಿರುಗುಮುರುಗು ಹಾಕಿದೆ. ಮನೆ ಇನ್ನಷ್ಟು ವಾಲಿ ಬೀಳುವ ಹಾಗಾಯಿತು. ದಿಕ್ಕು ಸರಿಮಾಡಿದೆ. ಅಳತೆ ಜಾಸ್ತಿಯಾಗಿ ಇನ್ನೊಂದು ಕಡೆಗೆ ವಾಲಿತು. ಪರದೆಯ ಮೇಲೆ ಒಂದು ನೆಟ್ಟಗಿನ ಗೆರೆ ಎಳೆದುಕೊಂಡು, ಬಾಗಿಲ ಚೌಕಟ್ಟು ಅದಕ್ಕೆ ಕೂಡುವವರೆಗೆ ಅಳತೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಕೂಡಿತು. ಕಂಬಗಳು ನಿಂತವು, ಮೂಲೆ ನಿಂತಿತು. ಇಂಥ ಹೊತ್ತಿನಲ್ಲಿ ಹೊಲಿಗೆ ನೇರವಾಗಿ ಬಂದಾಗ ಆಗುವಂಥ ಒಂದು ಸಣ್ಣ ಸಂತೋಷ ಆಗುತ್ತದೆ.

ಆಮೇಲೆ ಹಸುವನ್ನು ನೋಡಿದೆ. ಹಸು ವಾಲಿತ್ತು.

ಯೋಚಿಸಿದರೆ ಅದೂ ಸರಿಯೇ. ಕ್ಯಾಮೆರಾ ಹಸುವಿನ ಜೊತೆಗೇ ಓಡಿದ್ದರಿಂದ ಚಿತ್ರದಲ್ಲಿ ಹಸು ಇದ್ದಲ್ಲೇ ಇತ್ತು, ಹಿಂದಿನ ಮನೆ ಮಾತ್ರ ಸರಿಯುತ್ತಿತ್ತು. ಮನೆಗೆಂದು ಮಾಡಿದ ರಿಪೇರಿ ಹಸುವಿಗೂ ತಗುಲಿ ಅದರ ಕಾಲು ಒಂದು ಕಡೆ, ಬೆನ್ನು ಒಂದು ಕಡೆ ಆಗಿತ್ತು. ಒಂದೊಂದು ಭಾಗದ ಚಲನೆಯನ್ನು ಬೇರೆ ಬೇರೆ ಲೆಕ್ಕ ಹಾಕುವ ಇನ್ನೊಂದು ವಿಧಾನ ಹಾಕಿದೆ. ಹಸು ನೆಟ್ಟಗಾಯಿತು, ಆದರೆ ಕೋಡುಗಳು ಗೋಡೆಯ ಬಣ್ಣದೊಳಗೆ ಬೆಣ್ಣೆಯ ಹಾಗೆ ಕರಗಿದವು. ಕೊನೆಗೆ ಬೇರೆ ದಾರಿಯಿಲ್ಲದೆ ಹಸುವಿನ ಸುತ್ತ ಒಂದೊಂದು ಫ್ರೇಮಿನಲ್ಲೂ ಕೈಯಿಂದಲೇ ಗೆರೆ ಹಾಕಿ, ಹಸುವನ್ನು ಬೇರೆ, ಮನೆಯನ್ನು ಬೇರೆ ಮಾಡಿ, ಮನೆಯನ್ನಷ್ಟೇ ತಿದ್ದಿದೆ. ಕರುವಿನ ಬಾಲ ಬಹಳ ಸತಾಯಿಸಿತು. ಸಂಜೆ ಗಿರಣಿಯವರು ಬಾಗಿಲು ಹಾಕುವ ಹೊತ್ತಿಗೆ ಹಸು ಹಸುವಿನ ಹಾಗೆ ಓಡಿತು, ಮನೆ ಮನೆಯ ಹಾಗೆ ನಿಂತಿತ್ತು. ಕ್ಯಾಮೆರಾದವನು ನೋಡಿ ನನ್ನ ಎರಡೂ ಕೈ ಹಿಡಿದುಕೊಂಡ. ತಕ್ಷಣ ನರ್ಸಮ್ಮನಿಗೆ ಕಳಿಸಿದ.

ಮಾರನೆಯ ಬೆಳಿಗ್ಗೆ ನರ್ಸಮ್ಮನೇ ನನಗೆ ಫೋನ್ ಮಾಡಿದರು. ಗಟ್ಟಿ ದನಿ. ಸೂಜಿ ಚುಚ್ಚುವ ಮುಂಚೆ ಮಾತಿನಲ್ಲೇ ಧೈರ್ಯ ತುಂಬುವವರ ದನಿ.

"ನೋಡ್ದೆ ಕಣಮ್ಮ. ಚೆನ್ನಾಗೈತೆ. ಆದ್ರೆ ಇದ್ರಿಂದ ನಂಗೇನು ಪ್ರಯೋಜ್ನ ಹೇಳು?"

ನನಗೆ ಅರ್ಥವಾಗಲಿಲ್ಲ. "ಯಾಕಮ್ಮ, ಗೋಡೆ ನೆಟ್ಟಗೆ ಕಾಣ್ತಿದೆಯಲ್ಲ?"

"ಅದೇ ಕಣಮ್ಮ ನಾನೇಳೋದು. ಇದನ್ನ ಗ್ರೂಪಿಗೆ ಹಾಕ್ದೆ. ನಮ್ಮಣ್ಣನ ಮಗ ಏನಂದ ಗೊತ್ತಾ? 'ಅತ್ತೆ, ಕಂಪ್ಯೂಟರಲ್ಲಿ ನೆಟ್ಟಗೆ ಮಾಡ್ಸವ್ರೆ' ಅಂದ. ಈಗ ಮೊದ್ಲಿಗಿಂತ ಜಾಸ್ತಿ ಅನುಮಾನ ಆಗೈತೆ ಎಲ್ಲರ್ಗೂ."

ಅವರು ಹೇಳಿದ್ದು ನಿಜ. ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದ್ದೇ ಹೌದು. ನಾನು ಸಂಜೆಯವರೆಗೆ ಕೂತು ತಿದ್ದಿದ್ದು ಚಿತ್ರವನ್ನು. ನರ್ಸಮ್ಮ ಮತ್ತು ಮೇಸ್ತ್ರಿಯ ನಡುವೆ ವಾಲಿದ್ದು ಹಾಗೆಯೇ ಇತ್ತು.

"ಅಮ್ಮ, ನಾನೇ ಬರ್ತೀನಿ. ಮೇಸ್ತ್ರಿಯವರನ್ನೂ ಕರೆಸಿ, ಅವರ ಕಣ್ಣೆದುರಿಗೇ ತೋರಿಸೋಣ," ಎಂದೆ.

ಅಂಥ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯ. ಕೋಣೆ ಬಿಟ್ಟು ಗಿರಾಕಿಗಳ ಮನೆಗೆ ನಾನು ಹೋದವಳೇ ಅಲ್ಲ. ಮರುದಿನ ಕೊರಟಗೆರೆಗೆ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದೆ. ಕ್ಯಾಮೆರಾದವನು ಸ್ನೇಹಿತನ ಕಾರು ತಂದಿದ್ದ. ನರ್ಸಮ್ಮ ಗೇಟಿನಲ್ಲೇ ನಿಂತಿದ್ದರು. ಪರದೆಯ ಮೇಲೆ ಅಷ್ಟು ಸಲ ಓಡಿಸಿ ನಿಲ್ಲಿಸಿ ನೋಡಿದ್ದ ಮುಖ. ನಿಜದಲ್ಲಿ ಎತ್ತರ ಕಡಿಮೆ. ನನಗೋ ಹಳೆಯ ನೆಂಟರನ್ನು ಕಂಡಷ್ಟು ಖುಷಿ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ರಕ್ತ ಕಮ್ಮಿ ಐತೆ ನಿಂಗೆ. ಬಿಸ್ಲು ಕಾಣ್ದೆ ಕುಂತಿರ್ತೀಯಾ ಅನ್ಸುತ್ತೆ," ಎಂದು ಒಳಗೆ ಕರೆದು ಕಡಲೆಕಾಯಿ ಉಂಡೆ ಕೊಟ್ಟರು.

ಮೇಸ್ತ್ರಿ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. "ಅವ್ನು ಬರಲ್ಲ. ಬಲು ಸ್ವಾಭಿಮಾನಿ. ನಾವೇ ಹೋಗಾನ ನಡೀರಿ."

ಮೇಸ್ತ್ರಿ ದೊಡ್ಡೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಯಾರದೋ ಹಿತ್ತಲಿನಲ್ಲಿ ನೀರಿನ ತೊಟ್ಟಿ ಕಟ್ಟುತ್ತಿದ್ದರು. ಕಾರಿನಿಂದ ನರ್ಸಮ್ಮ ಇಳಿದದ್ದನ್ನು ಕಂಡು ಕರಣಿಯನ್ನು ಕೆಳಗಿಟ್ಟು ಎದ್ದು ನಿಂತರು. ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ತಲೆಗೆ ಸುತ್ತಿದ್ದ ಟವೆಲ್ಲಿನ ಮೇಲೆಲ್ಲ ಸಿಮೆಂಟಿನ ಧೂಳು.

"ಬರ್ಬೇಕು ನರ್ಸಮ್ಮ," ಎಂದರು, ಅಷ್ಟೇ.

"ಫೋನ್ ಯಾಕ್ಲಾ ಎತ್ತಲ್ಲ ನೀನು?" ಎಂದು ನರ್ಸಮ್ಮ ಕೇಳಿದರು.

"ಏನಂತ ಎತ್ಲಿ? ಗೋಡೆ ಕೆಡವಿ ಮತ್ತೆ ಕಟ್ಕೊಡ್ತೀನಿ ಅಂತ ಹೇಳಾಕೆ ಬಾಯಿ ಬರ್ನಿಲ್ಲ."

ಆ ಹೊತ್ತಿನಲ್ಲಿ ಸಾಲು, ಶಟರ್, ಓದುವ ವೇಗ ಎಂದೆಲ್ಲ ಶುರುಮಾಡಿದರೆ ಯಾರೂ ಕೇಳುತ್ತಿರಲಿಲ್ಲ. ನಾನು ಸುತ್ತ ನೋಡಿದೆ. ಕಟ್ಟುತ್ತಿದ್ದ ತೊಟ್ಟಿಯ ಗೋಡೆಯ ಪಕ್ಕದಲ್ಲಿ, ಅಡ್ಡ ಇಟ್ಟ ಒಂದು ಹಲಗೆಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿದ್ದಿತ್ತು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಮೇಸ್ತ್ರಿಗಳು ಬಿಡುವ ಗುಂಡು.

"ಆ ದಾರ ನೆಟ್ಟಗಿದೆಯಾ ಮೇಸ್ತ್ರಿ?" ಎಂದೆ.

ಯಾರಪ್ಪ ಇವಳು ಎನ್ನುವ ಹಾಗೆ ನೋಡಿದರು. "ಗುಂಡು ಬುಟ್ಟ ಮೇಲೆ ನೆಟ್ಟಗಿಲ್ದೆ ಇನ್ನೆಂಗಿರ್ತದಮ್ಮ?"

ಕ್ಯಾಮೆರಾದವನಿಗೆ ಹೇಳಿದೆ. ಅವನು ಗೃಹಪ್ರವೇಶಕ್ಕೆ ತಂದಿದ್ದ ಅದೇ ಕ್ಯಾಮೆರಾ ತೆಗೆದು, ಮೊದಲು ಅಲ್ಲಾಡದೆ ನಿಂತು ದಾರದ ವಿಡಿಯೋ ತೆಗೆದ. ಆಮೇಲೆ ಹಸು ಓಡಿದಾಗ ತಿರುಗಿಸಿದಷ್ಟೇ ರಭಸದಲ್ಲಿ ಎಡದಿಂದ ಬಲಕ್ಕೆ ತಿರುಗಿಸಿದ. ನಾಲ್ಕೂ ಜನ ಬೇವಿನ ಮರದ ನೆರಳಿಗೆ ಹೋಗಿ ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಗ್ಗಿದೆವು. ಮೊದಲನೆಯದರಲ್ಲಿ ದಾರ ನೆಟ್ಟಗಿತ್ತು. ಎರಡನೆಯದನ್ನು ಅವನು ನಡುವೆ ನಿಲ್ಲಿಸಿದ. ದಾರ ಓರೆಯಾಗಿ, ಗುಂಡು ಒಂದು ಕಡೆ ಎಳೆದುಕೊಂಡು ನಿಂತಿತ್ತು. ಅದರ ಪಕ್ಕದ ತೊಟ್ಟಿಯ ಗೋಡೆಯೂ ಓರೆ, ಹಿಂದಿನ ವಿದ್ಯುತ್ ಕಂಬವೂ ಓರೆ.

ಮೇಸ್ತ್ರಿ ಪರದೆ ನೋಡಿದರು, ತಿರುಗಿ ಗುಂಡನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ಅಯ್ಯೋ ಇದರ ಮನೆ ಹಾಳಾಗ! ಗುಂಡೇ ವಾಲ್ತದಲ್ಲಾ!"

ಆಮೇಲೆ ಕ್ಯಾಮೆರಾವನ್ನು ತಾವೇ ಈಸಿಕೊಂಡು ತಿರುಗಿಸಿದರು. ಇನ್ನೊಂದು ಕಡೆಗೆ ತಿರುಗಿಸಿದರೆ ಗುಂಡು ಇನ್ನೊಂದು ಕಡೆಗೆ ವಾಲಿತು. ಅದನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ. ಹಿತ್ತಲಿನ ಬದನೆ ಗಿಡ, ತೆಂಗಿನ ಮರ, ಕೊನೆಗೆ ನರ್ಸಮ್ಮನನ್ನೂ ನಿಲ್ಲಿಸಿ ತೆಗೆದು, "ನೋಡಿ, ನೀವೂ ವಾಲಿದ್ರಿ," ಎಂದರು.

ನರ್ಸಮ್ಮ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾನು ಅಂಗೆ ಕೇಳ್ಬಾರ್ದಿತ್ತು ಕಣಪ್ಪ."

ಮೇಸ್ತ್ರಿ ಕ್ಯಾಮೆರಾ ವಾಪಸ್ಸು ಕೊಟ್ಟರು. ಆಮೇಲೆ ಹೇಳಿದರು:

"ನೀವು ಕೇಳಿದ್ದಕ್ಕಲ್ಲ ನರ್ಸಮ್ಮ. ನೀವು ಸಂತೆಗೆ ಹೋಗಿದ್ದಾಗ ನಾನು ಬಂದಿದ್ದೆ. ಎಲ್ಲಾ ಮೂಲೇಗೂ ಗುಂಡು ಬುಟ್ಟು ನೋಡ್ದೆ. ಒಂದು ಕೂದ್ಲೆಳೆ ವ್ಯತ್ಯಾಸ ಇರ್ಲಿಲ್ಲ. ಆದ್ರೂ ಫೋಟೋದಾಗೆ ವಾಲೈತೆ. ನನ್ ಕಣ್ಣು ಕೆಟ್ಟೋಯ್ತಾ, ಗುಂಡು ಕೆಟ್ಟೋಯ್ತಾ ಅಂತ ತಿಳೀನಿಲ್ಲ. ಇಷ್ಟು ವರ್ಸ ಕಟ್ಟಿದ್ದೆಲ್ಲ ಹೆಂಗೈತೋ ಅಂತ ಅನುಮಾನ ಬಂದ್ಬುಡ್ತು. ಅನ್ನ ಸೇರ್ನಿಲ್ಲ."

ನರ್ಸಮ್ಮ ಮಣಿಕಟ್ಟು ಹಿಡಿದು ನಾಡಿ ನೋಡುವವರ ಹಾಗೆ ಮೇಸ್ತ್ರಿಯ ಕೈಯನ್ನು ಹಿಡಿದುಕೊಂಡು ನಿಂತರು. ನಾನೂ ಕ್ಯಾಮೆರಾದವನೂ ತೊಟ್ಟಿಯ ಕಡೆ ಮುಖ ಮಾಡಿದೆವು.

ವಾಪಸ್ಸು ಹೊರಡುವಾಗ ನರ್ಸಮ್ಮ ನನಗೊಂದು ಅಪ್ಪಣೆ ಮಾಡಿದರು. ಗೃಹಪ್ರವೇಶದ ವಿಡಿಯೋದಲ್ಲಿ ಹಸುವಿನ ತುಣುಕು ಎರಡೂ ಥರ ಇರಬೇಕು, ಮೊದಲು ವಾಲಿದ್ದು, ಆಮೇಲೆ ನೆಟ್ಟಗಾದದ್ದು. ಎರಡರ ನಡುವೆ ಮೇಸ್ತ್ರಿಯ ಗುಂಡು. "ಮಂತ್ರ ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ," ಎಂದರು. ಗೃಹಪ್ರವೇಶದ ವಿಡಿಯೋದಲ್ಲಿ ನೀರಿನ ತೊಟ್ಟಿಯನ್ನು ನಾನು ಸೇರಿಸಿದ್ದು ಅದೇ ಮೊದಲು.

ವಿಡಿಯೋ ತಯಾರಾದ ಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ಎಲ್ಲರನ್ನೂ ಸೇರಿಸಿ ಟಿ.ವಿ.ಗೆ ಹಾಕಿ ತೋರಿಸಿದರು. ತುಮಕೂರಿನ ಅಣ್ಣನ ಮಗನೂ ಬಂದಿದ್ದ; ಗುಂಡು ವಾಲಿದ್ದನ್ನು ನೋಡಿ ಎಲ್ಲರಿಗಿಂತ ಮೊದಲು ತನ್ನ ಮೊಬೈಲ್ ತೆಗೆದು ಬಾಗಿಲ ಚೌಕಟ್ಟನ್ನು ವಾಲಿಸಿ ನೋಡತೊಡಗಿದ. ಶಿರಾದ ಸಾಹೇಬರು ಮಲ್ಲಿಗೆಯ ದೊಡ್ಡ ಪೊಟ್ಟಣ ತಂದಿದ್ದರು. ವಿಡಿಯೋ ಮುಗಿದ ಮೇಲೆ ಅವರು ಎದ್ದು ಹೊರಗೆ ಹೋಗಿ, ಮುಂದಿನ ಕಂಬದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತು ಬಂದರು.

"ಅರೇ ಮೇಸ್ತ್ರಿ, ಕ್ಯಾಮೆರಾನೂ ಝೂಟ್ ಹೇಳ್ತದೆ ಅಂತ ನಂಗೇನ್ ಮಾಲೂಮು? ಮನ್ಸಲ್ಲಿ ಇಟ್ಕೋಬೇಡಿ. ಬುನಾದಿ ಯಾವಾಗ ಹಾಕ್ತೀರಾ ಅದನ್ನ ಹೇಳಿ."

"ನೀವು ಜಾಗ ಕ್ಲೀನ್ ಮಾಡ್ಸಿ ಸಾಬ್ರೆ, ಗಿಡಗಂಟೆ ತೆಗ್ಸಿ. ನಾನು ರೆಡಿ," ಎಂದರು ಮೇಸ್ತ್ರಿ.

ಊಟಕ್ಕೆ ರಾಗಿ ಮುದ್ದೆ, ಅವರೆಕಾಳು ಸಾರು, ಹೋಳಿಗೆ. ನಾನು ಬೇಡವೆಂದರೂ ಬಿಡದೆ ನರ್ಸಮ್ಮ ಎರಡನೆಯ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದರು. ಪಂಕ್ತಿಯಲ್ಲಿ ಕೂತು ಉಣ್ಣುವಾಗ ನನಗೆ ಒಂದು ಥರ ಸಂಕೋಚ, ಒಂದು ಥರ ಹಿಗ್ಗು. ಇಂಥ ಎಷ್ಟು ಪಂಕ್ತಿಗಳನ್ನು ಕತ್ತರಿಸಿ ಜೋಡಿಸಿದ್ದೇನೋ, ಎಲೆಯ ಮುಂದೆ ಕೂತದ್ದು ಕಡಿಮೆ.

ಶಿರಾದ ಮನೆ ಈಗ ಕಿಟಕಿಯ ಮಟ್ಟಕ್ಕೆ ಎದ್ದಿದೆ. ಅಲ್ಲಿಂದ ಮೇಸ್ತ್ರಿ ಆಗಾಗ ತಮ್ಮ ಮೊಬೈಲಿನಲ್ಲೇ ವಿಡಿಯೋ ತೆಗೆದು ನನಗೆ ಕಳಿಸುತ್ತಾರೆ. ವಾಲಬಾರದೆಂದು ಉಸಿರು ಬಿಗಿಹಿಡಿದು, ಇರುವೆ ಹರಿದ ಹಾಗೆ ನಿಧಾನವಾಗಿ ಮೊಬೈಲನ್ನು ಸರಿಸುತ್ತಾರೆ. ಒಂದು ಗೋಡೆ ಈ ತುದಿಯಿಂದ ಆ ತುದಿಗೆ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿರುತ್ತದೆ. ಇಟ್ಟಿಗೆಯ ಸಾಲು, ನಡುವೆ ಎಲ್ಲೋ ಒಂದು ನೀರಿನ ಬಿಂದಿಗೆ, ಕೆಲಸದವರ ಮಾತು, ಸಾಹೇಬರು ಯಾರನ್ನೋ ಕರೆಯುವ ಸದ್ದು. ಅದರಲ್ಲಿ ತಿದ್ದುವುದಕ್ಕೆ ಏನೂ ಇರುವುದಿಲ್ಲ. ಆದರೂ ಕೆಲಸ ಪಕ್ಕಕ್ಕಿಟ್ಟು ಕೊನೆಯವರೆಗೂ ನೋಡುತ್ತೇನೆ.